ಒಂದೇ ನೆಟ್, ಆರು ಮಂದಿ: ನಿದ್ರೆ ಯಾರ ಪಾಲಿಗೆ?

ಮಲೆನಾಡಿನ ಮಳೆಗಾಲದಲ್ಲಿ ವೈದ್ಯನ ಬಾಗಿಲಿಗೆ ಬರುವ ತೊಂದರೆಗಳು ಬಹುಮಟ್ಟಿಗೆ ಗೊತ್ತಿರುವಂಥವೇ. ವರ್ಷ ಋತುವಿನಲ್ಲಿ ಜಠರಾಗ್ನಿ ಮಂದವಾಗುತ್ತದೆ, ವಾತವು ಪ್ರಕೋಪಗೊಳ್ಳುತ್ತದೆ ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ಅದರಂತೆಯೇ ಅಜೀರ್ಣ, ಕೀಲುನೋವು, ಕೆಮ್ಮು, ಕಾಲ್ಬೆರಳ ಸಂದಿಯ ಕೆಸರುಹುಣ್ಣು ಹೊತ್ತುಕೊಂಡು ಜನ ಬರುತ್ತಾರೆ. ಆದರೆ ಕಳೆದ ಕೆಲವು ವರ್ಷಗಳಿಂದ ಈ ಪಟ್ಟಿಗೆ ಹೊಸದೊಂದು ಸೇರಿಕೊಂಡಿದೆ. ಹದಿನೆಂಟರಿಂದ ಇಪ್ಪತ್ತೈದರೊಳಗಿನ ಯುವಕ ಯುವತಿಯರು ಬಂದು ಕುಳಿತು, ಕಣ್ಣುರಿ, ತಲೆಭಾರ, ಕುತ್ತಿಗೆ ಸೆಳೆತ, ಬೆಳಗಿನ ಹೊತ್ತು ಹಸಿವಿಲ್ಲದಿರುವುದು, ಸಣ್ಣ ಮಾತಿಗೂ ಸಿಡಿಮಿಡಿ, ಓದಿದ್ದು ತಲೆಯಲ್ಲಿ ನಿಲ್ಲದಿರುವುದು, ಇಷ್ಟನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಇವರಲ್ಲಿ ಹೆಚ್ಚಿನವರು ಸ್ವಂತ ಮನೆಯಲ್ಲಿ ಇರುವವರಲ್ಲ. ಓದಿಗಾಗಿ, ಉದ್ಯೋಗಕ್ಕಾಗಿ ಊರು ಬಿಟ್ಟು ಬಾಡಿಗೆ ಕೋಣೆಯಲ್ಲೋ ಪಿ.ಜಿ.ಯಲ್ಲೋ ವಿದ್ಯಾರ್ಥಿನಿಲಯದಲ್ಲೋ ನಾಲ್ಕಾರು ಮಂದಿಯ ಜೊತೆ ಇರುವವರು.

“ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀ?” ಎಂದು ಕೇಳಿದರೆ, “ಎರಡು ಗಂಟೆ ಆಗುತ್ತದೆ ಡಾಕ್ಟ್ರೇ” ಎನ್ನುತ್ತಾರೆ. “ಅಷ್ಟು ಹೊತ್ತು ಏನು ಮಾಡುತ್ತೀ?” ಎಂದರೆ ಬರುವ ಉತ್ತರ ಬಹುತೇಕ ಒಂದೇ: “ಆಗಲೇ ಸರ್ ನೆಟ್ ಸಿಗುವುದು.”

ಈ ಉತ್ತರವನ್ನು ನಾನು ಬಹಳ ಕಾಲ ನೆಪವೆಂದೇ ತಿಳಿದಿದ್ದೆ. ಅದು ನೆಪವಲ್ಲವೆಂದು ನನಗೆ ಕಲಿಸಿದ್ದು ನನ್ನ ಮನೆಯಲ್ಲೇ ನಡೆದ ಒಂದು ಪ್ರಸಂಗ. ಅದರಲ್ಲಿ ತಪ್ಪಿತಸ್ಥ ನಾನೇ ಆಗಿರುವುದರಿಂದ ಅದನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿರುವ ಹಿರಿಯರಿಗೂ, ವಿದ್ಯಾರ್ಥಿನಿಲಯಗಳನ್ನು ನಡೆಸುವವರಿಗೂ, ಒಂದೇ ಸೂರಿನಡಿ ಮೂರು ತಲೆಮಾರು ಬಾಳುತ್ತಿರುವ ಕುಟುಂಬಗಳಿಗೂ ಇದರಿಂದ ಪ್ರಯೋಜನವಾದೀತು.

ಹತ್ತು ಗಂಟೆಯ ಗುಂಡಿ

ಬಾಳಗಡಿಯ ನಮ್ಮ ಮನೆಯ ಮಾಳಿಗೆಯಲ್ಲಿ ಎರಡು ಕೋಣೆಗಳಿವೆ. ಮಕ್ಕಳು ಊರು ಬಿಟ್ಟ ಮೇಲೆ ಅವನ್ನು ನಾಲ್ವರು ಹೆಣ್ಣುಮಕ್ಕಳಿಗೆ ಬಾಡಿಗೆಗೆ ಕೊಟ್ಟೆವು. ಇಬ್ಬರು ಪದವಿ ಓದುವವರು, ಒಬ್ಬಳು ಬಿ.ಎಡ್. ವಿದ್ಯಾರ್ಥಿನಿ, ಇನ್ನೊಬ್ಬಳು ಬೆಂಗಳೂರಿನ ಸಂಸ್ಥೆಯೊಂದಕ್ಕೆ ಇಲ್ಲಿಂದಲೇ ಕಂಪ್ಯೂಟರಿನಲ್ಲಿ ಕೆಲಸ ಮಾಡುವವಳು. ಕೆಳಗೆ ನಾನು ಮತ್ತು ನಮ್ಮ ಮನೆಯವರು. ಒಟ್ಟು ಆರು ಮಂದಿಗೆ ಇದ್ದದ್ದು ಒಂದೇ ವೈಫೈ. ಕಾಗದದ ಮೇಲೆ ಅದರ ವೇಗ 30 ಎಂಬಿಪಿಎಸ್. ಮಳೆ ಹಿಡಿದ ಮೇಲೆ ಅಳೆದು ನೋಡಿದರೆ ನಾಲ್ಕು, ಐದು. ಕೆಲವು ದಿನ ಅದೂ ಇಲ್ಲ. ನಮ್ಮ ಕಡೆಯ ಮಳೆ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಳಿಗೆ ಮರ ಬಿದ್ದರೆ ವಿದ್ಯುತ್ ತಂತಿಯೂ ಕೇಬಲ್ಲೂ ಒಟ್ಟಿಗೇ ಹರಿಯುತ್ತವೆ. ಕರೆಂಟು ಹೋಗಿ ಎರಡು ದಿನ ಕಳೆದರೆ ಟವರಿನ ಬ್ಯಾಟರಿಯೂ ಸೋಲುತ್ತದೆ. ಮೊಬೈಲಿನ ಸಿಗ್ನಲ್ ಸರಿಯಾಗಿ ಸಿಗುವುದು ಮನೆಯ ಹಿಂದಿನ ದಿಬ್ಬದ ಮೇಲೆ ಮಾತ್ರ.

ಹುಡುಗಿಯರ ಕಣ್ಣು ಕೆಂಪಗಾಗಿರುವುದನ್ನು, ಬೆಳಗಿನ ತಿಂಡಿ ಬಿಟ್ಟು ಓಡುವುದನ್ನು ನೋಡಿ ನನ್ನೊಳಗಿನ ವೈದ್ಯ ಎಚ್ಚೆತ್ತ. ರಾತ್ರಿಜಾಗರಣೆ ರೂಕ್ಷ ಗುಣದ್ದು, ವಾತವನ್ನು ಕೆರಳಿಸುವಂಥದ್ದು. ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ಮೂರು ದೇಹವೆಂಬ ಮನೆಯ ಆಸರೆಗಂಬಗಳೆಂದು ಚರಕಾಚಾರ್ಯರು ಹೇಳಿದ್ದಾರೆ. ಅದರಲ್ಲೊಂದು ಕಂಬವನ್ನು ಈ ಮಕ್ಕಳು ತಾವೇ ಕಡಿಯುತ್ತಿದ್ದಾರೆಂದು ನನಗೆ ತೋರಿತು. ಆಷಾಢದ ಆರಂಭದಲ್ಲಿ ಒಂದು ನಿಯಮ ಮಾಡಿದೆ. ರಾತ್ರಿ ಹತ್ತಕ್ಕೆ ಸರಿಯಾಗಿ ವೈಫೈ ಪೆಟ್ಟಿಗೆಯ ಗುಂಡಿ ಆರಿಸುವುದು. ಬೆಳಗ್ಗೆ ಆರಕ್ಕೆ ಹಾಕುವುದು. ಯಾರನ್ನೂ ಕೇಳಲಿಲ್ಲ. ಔಷಧ ಕಹಿಯಾಗಿದ್ದರೂ ಗುಣ ಒಳ್ಳೆಯದೆಂದು ನನ್ನ ನಂಬಿಕೆ. ಹುಡುಗಿಯರೂ ಎದುರಾಡಲಿಲ್ಲ. ಬಾಡಿಗೆಗಿರುವ ಮಕ್ಕಳು ಮನೆಯ ಯಜಮಾನನಿಗೆ, ಅದರಲ್ಲೂ ವಯಸ್ಸಾದ ವೈದ್ಯನಿಗೆ, ಎದುರಾಡುವುದುಂಟೇ?

ಸುಮಾರು ಮೂರು ವಾರದ ನಂತರ ಒಂದು ರಾತ್ರಿ ಹತ್ತೂಮುಕ್ಕಾಲರ ಹೊತ್ತಿಗೆ ಹಿತ್ತಲ ಕಡೆಯಿಂದ ಕೂಗು ಕೇಳಿಸಿತು. ಬ್ಯಾಟರಿ ಹಿಡಿದು ಓಡಿದೆವು. ನಾಲ್ವರಲ್ಲಿ ಕಿರಿಯಳು, ಶೃಂಗೇರಿ ಕಡೆಯ ಹಳ್ಳಿಯೊಂದರಿಂದ ಬಂದು ಮೊದಲ ವರ್ಷದ ಪದವಿ ಓದುತ್ತಿದ್ದವಳು, ದಿಬ್ಬದ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಳು. ಕೊಡೆ ಒಂದು ಕಡೆ, ಮೊಬೈಲ್ ಒಂದು ಕಡೆ. ಬಲಗೈಯ ಮಣಿಕಟ್ಟು ಊದಿತ್ತು. ಕಾಲಿಗೆ ಏಳೆಂಟು ಇಂಬಳ ಹತ್ತಿದ್ದವು. ಎಕ್ಸ್‌ರೇ ತೆಗೆಸಿದಾಗ ಮೂಳೆ ಬಿರುಕುಬಿಟ್ಟದ್ದು ಕಂಡಿತು. ವಿದ್ಯಾರ್ಥಿವೇತನದ ಅರ್ಜಿಗೆ ಅಂದು ಕೊನೆಯ ದಿನವಾಗಿತ್ತು. ಅದನ್ನು ಸಲ್ಲಿಸಲು ಅವಳು ಆ ಮಳೆಯಲ್ಲಿ ದಿಬ್ಬ ಹತ್ತಿದ್ದಳು. ಅದು ಮೊದಲ ಸಲವಲ್ಲ, ನಾಲ್ಕನೆಯ ಸಲ ಎಂಬುದು ಆಮೇಲೆ ತಿಳಿಯಿತು.

ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ನಿಧಾನವಾಗಿ ವಿಚಾರಿಸಿದೆ. ಸಂಜೆ ಆರರಿಂದ ಎಂಟರವರೆಗೆ ಕೆಲಸದ ಹುಡುಗಿಗೆ ಮೀಟಿಂಗು. ಆಗ ಬೇರೆಯವರು ಬಳಸಿದರೆ ಅವಳ ಮಾತು ಕತ್ತರಿಸಿ ಹೋಗುತ್ತದೆ. ಎಂಟರಿಂದ ಹತ್ತರವರೆಗೆ ದೊಡ್ಡವರಿಬ್ಬರ ಪಾಠದ ವಿಡಿಯೊ. ಇವಳು ಕಿರಿಯಳು, “ನಮ್ಮದು ಮುಗಿಯಲಿ, ಆಮೇಲೆ ನೀನು ನೋಡಿಕೋ” ಎಂದು ಅವರೇನೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆ ‘ಆಮೇಲೆ’ ಎಂಬುದು ಶುರುವಾಗುತ್ತಿದ್ದದ್ದೇ ರಾತ್ರಿ ಹತ್ತಕ್ಕೆ. ಆ ಹೊತ್ತಿಗೆ ನಾನು ಗುಂಡಿ ಆರಿಸುತ್ತಿದ್ದೆ. ಮೊಬೈಲಿಗೆ ಬೇರೆ ಡೇಟಾ ಹಾಕಿಸುವಷ್ಟು ಹಣ ಅವಳ ಮನೆಯಿಂದ ಬರುತ್ತಿರಲಿಲ್ಲ. ಎಲ್ಲರಿಗೂ ಸಮಾನವೆಂದು ನಾನು ಭಾವಿಸಿದ್ದ ನಿಯಮದ ಭಾರ ಒಬ್ಬಳ ಮೇಲೆ ಮಾತ್ರ, ಅದೂ ಅತ್ಯಂತ ಅಶಕ್ತಳ ಮೇಲೆ ಬಿದ್ದಿತ್ತು.

“ರೋಗಿ ಬಂದರೆ ಹತ್ತು ಪ್ರಶ್ನೆ ಕೇಳುತ್ತೀರಿ. ಮನೆಯಲ್ಲಿರುವ ಮಕ್ಕಳನ್ನು ಒಂದಾದರೂ ಕೇಳಿದ್ದಿರೇನು?” ಎಂದರು ನಮ್ಮ ಮನೆಯವರು. ಉತ್ತರ ಹೊಳೆಯಲಿಲ್ಲ. ದರ್ಶನ, ಸ್ಪರ್ಶನ, ಪ್ರಶ್ನ ಎಂದು ರೋಗಿಯನ್ನು ಪರೀಕ್ಷಿಸುವ ಮೂರು ಬಗೆಗಳನ್ನು ಮೊದಲ ವರ್ಷದ ಬಿ.ಎ.ಎಂ.ಎಸ್. ವಿದ್ಯಾರ್ಥಿಯೂ ಬಲ್ಲ. ನಾನು ಕೆಂಪು ಕಣ್ಣುಗಳ ದರ್ಶನ ಮಾತ್ರ ಮಾಡಿ, ಪ್ರಶ್ನೆಯನ್ನು ಬಿಟ್ಟು, ಚಿಕಿತ್ಸೆ ಬರೆದಿದ್ದೆ.

ಕೊರತೆಯೂ ಒಂದು ಕಾರಣ

ಈ ಪ್ರಸಂಗವನ್ನು ಹೇಳಿದಾಗ ನನ್ನ ವಯಸ್ಸಿನ ಹಲವರು ಕೊಡುವ ಉತ್ತರ ಇದು: “ನೆಟ್ ನಿಧಾನವಾಗಿದ್ದರೆ ಒಳ್ಳೆಯದೇ ಬಿಡಿ. ಮಕ್ಕಳು ಕಡಿಮೆ ನೋಡುತ್ತಾರೆ, ಬೇಗ ಮಲಗುತ್ತಾರೆ. ನಾವೆಲ್ಲ ನೆಟ್ ಇಲ್ಲದೆ ಓದಲಿಲ್ಲವೇ?” ಒಂದು ಕಾಲಕ್ಕೆ ನನಗೂ ಇದೇ ಅನ್ನಿಸಿತ್ತು. ಈಗ ಅದನ್ನು ವೈದ್ಯನಾಗಿಯೇ ಒಪ್ಪಲಾರೆ.

ರೋಗಕ್ಕೆ ಮೂರು ಮೂಲಕಾರಣಗಳನ್ನು ಚರಕಸಂಹಿತೆ ಹೇಳುತ್ತದೆ. ಅವುಗಳಲ್ಲಿ ಒಂದು, ಇಂದ್ರಿಯಗಳಿಗೂ ಅವುಗಳ ವಿಷಯಗಳಿಗೂ ಆಗುವ ಅಹಿತವಾದ ಸಂಯೋಗ. ಇದರಲ್ಲಿ ಮತ್ತೆ ಮೂರು ಬಗೆ. ಅತಿಯಾಗಿ ಬಳಸುವುದು ಅತಿಯೋಗ. ಬಳಸದೇ ಇರುವುದು ಅಯೋಗ. ತಪ್ಪಾದ ರೀತಿಯಲ್ಲಿ ಬಳಸುವುದು ಮಿಥ್ಯಾಯೋಗ. ತೀರ ಹತ್ತಿರದ ವಸ್ತುವನ್ನು ನೋಡುವುದನ್ನು ಕಣ್ಣಿನ ಮಿಥ್ಯಾಯೋಗದ ಉದಾಹರಣೆಗಳಲ್ಲಿ ಅಲ್ಲಿ ಸೇರಿಸಿದ್ದಾರೆ. ನಾವು ಹಿರಿಯರು ಅತಿಯೋಗವೊಂದನ್ನೇ ಹಿಡಿದುಕೊಂಡು ಮಾತನಾಡುತ್ತೇವೆ. ನಿಧಾನದ, ಸಾಲದ ನೆಟ್ಟಿನಿಂದ ಆಗುವುದು ಉಳಿದೆರಡು.

ನೀವೇ ಗಮನಿಸಿ ನೋಡಿ. ವೇಗದ ಸಂಪರ್ಕವಿದ್ದರೆ ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಅರ್ಜಿ, ನಿಧಾನದ ಸಂಪರ್ಕದಲ್ಲಿ ಎರಡು ಗಂಟೆ ಹಿಡಿಯುತ್ತದೆ. ಆ ಎರಡು ಗಂಟೆಯೂ ಕಣ್ಣು ಪರದೆಯ ಮೇಲೇ ಇರುತ್ತದೆ. ತಿರುಗುವ ಚಕ್ರವನ್ನು ನೋಡುತ್ತ, ಈಗ ತೆರೆದೀತು, ಆಗ ತೆರೆದೀತು ಎಂದು ಕಾಯುವವರು ರೆಪ್ಪೆ ಬಡಿಯುವುದನ್ನೂ ಕಡಿಮೆ ಮಾಡುತ್ತಾರೆ. ಪರದೆ ನೋಡುವಾಗ ರೆಪ್ಪೆಯ ಬಡಿತ ಕಡಿಮೆಯಾಗಿ ಕಣ್ಣು ಒಣಗುತ್ತದೆ ಎಂಬುದು ಇಂದಿನ ನೇತ್ರವೈದ್ಯರೂ ಹೇಳುವ ಮಾತು. ಸಿಗ್ನಲ್ ಸಿಗುವ ಕಿಟಕಿಯ ಮೂಲೆಯಲ್ಲಿ ಕತ್ತು ವಕ್ರ ಮಾಡಿ ನಿಲ್ಲುವುದು, ಮಧ್ಯರಾತ್ರಿಗೆ ಅಲಾರಾಂ ಇಟ್ಟು ಏಳುವುದು, ಸಲ್ಲಿಕೆಯಾಯಿತೋ ಇಲ್ಲವೋ ಎಂಬ ಆತಂಕದಲ್ಲೇ ಮಲಗುವುದು, ಇವೆಲ್ಲ ಮಿಥ್ಯಾಯೋಗದ ಲಕ್ಷಣಗಳೇ. ನೆಟ್ ಕಡಿಮೆಯಾದರೆ ಪರದೆಯ ಹೊತ್ತೂ ಕಡಿಮೆಯಾಗುತ್ತದೆ ಎಂಬ ನಮ್ಮ ಲೆಕ್ಕಾಚಾರ ತಪ್ಪು. ಎಷ್ಟೋ ಸಲ ಅದು ಹೆಚ್ಚುತ್ತದೆ, ಅದೂ ನಿದ್ರೆಯ ಹೊತ್ತನ್ನು ತಿಂದು ಹೆಚ್ಚುತ್ತದೆ.

ನಾವು ನೆಟ್ ಇಲ್ಲದೆ ಓದಿದೆವು, ನಿಜ. ಆದರೆ ಅಂದು ಪ್ರವೇಶದ ಅರ್ಜಿಯನ್ನು ಕಾಗದದಲ್ಲಿ ತುಂಬುತ್ತಿದ್ದೆವು. ಫಲಿತಾಂಶವನ್ನು ಕಾಲೇಜಿನ ಹಲಗೆಯಲ್ಲಿ ನೋಡುತ್ತಿದ್ದೆವು. ಇಂದು ಅರ್ಜಿ, ಶುಲ್ಕ, ವಿದ್ಯಾರ್ಥಿವೇತನ, ಪರೀಕ್ಷೆಯ ಪ್ರವೇಶಪತ್ರ ಎಲ್ಲವೂ ನೆಟ್ಟಿನೊಳಗೇ ಇವೆ. ಬಾವಿ ಒಳಗಿಟ್ಟು ಬಾಗಿಲು ಹಾಕಿದ ಮೇಲೆ, “ನಾವು ಹೊಳೆಯ ನೀರು ಕುಡಿದು ಬೆಳೆದವರು” ಎಂದರೆ ಬಾಯಾರಿದವರಿಗೆ ಏನು ಪ್ರಯೋಜನ?

ಕೊರೊನಾ ಕಾಲದ ನೆನಪು ಇನ್ನೂ ಮಾಸಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ ಪಾಠಗಳು ಮೊಬೈಲಿಗೆ ಬಂದವು. ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ, ತೋಟದ ತುದಿಗೆ ಹೋಗಿ ಪಾಠ ಕೇಳಿದರು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರ ಎಲ್ಲೆಡೆ ಹರಿದಾಡಿತು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ಅದು. ಅದನ್ನು ನೋಡಿ ನಾನೂ ಕಣ್ಣು ಒರೆಸಿಕೊಂಡವನೇ. ಆದರೆ ನನ್ನದೇ ಹಿತ್ತಲಿನಲ್ಲಿ, ನನ್ನದೇ ನಿಯಮದಿಂದ, ಕೊಡೆ ಹಿಡಿಯುವ ತಂದೆಯೂ ಇಲ್ಲದೆ ಒಬ್ಬಳು ಮಗಳು ನಿಂತಿದ್ದಳು ಎಂಬುದು ನನಗೆ ತಿಳಿಯಲಿಲ್ಲ.

ಹಿತಕ್ಕಾಗಿ ಮಾಡಿದ ನಿಯಮಕ್ಕೂ ಮಿತಿಯುಂಟು

ಹಿರಿಯರು ಹಿತದ ಹೆಸರಿನಲ್ಲಿ ಮಾಡುವ ನಿಯಮದ ಪ್ರಶ್ನೆ ನ್ಯಾಯಾಲಯದವರೆಗೂ ಹೋದದ್ದುಂಟು. ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೊಬೈಲ್ ಬಳಸಬಾರದೆಂಬ ನಿಯಮವಿತ್ತು. ಅದನ್ನು ಒಪ್ಪದ ವಿದ್ಯಾರ್ಥಿನಿಯನ್ನು ನಿಲಯದಿಂದ ಹೊರಹಾಕಲಾಯಿತು. 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಆಕೆಯನ್ನು ಮತ್ತೆ ಸೇರಿಸಿಕೊಳ್ಳುವಂತೆ ಆದೇಶಿಸಿತು. ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಹಾಗೂ ಸಂವಿಧಾನದ 21ನೆಯ ವಿಧಿಯಡಿ ಬರುವ ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿತು. ಶಿಸ್ತೇ ಬೇಡವೆಂದು ಈ ತೀರ್ಪಿನ ಅರ್ಥವಲ್ಲ. ಇನ್ನೊಬ್ಬರ ಓದಿಗೆ, ನಿದ್ರೆಗೆ ತೊಂದರೆಯಾಗದಂತೆ ಬಳಸಬೇಕೆಂಬುದು ಸರಿಯಾದ ಶಿಸ್ತೇ. ಆದರೆ ಬಳಸುವವರ ಅಗತ್ಯವನ್ನು ಕೇಳದೆ ಬಾಗಿಲು ಹಾಕುವುದನ್ನು ಶಿಸ್ತೆಂದು ಕರೆಯಲಾಗದು.

ನಾನು ಓದಿದ್ದು 1970ರ ದಶಕದಲ್ಲಿ, ಉಚಿತ ಪ್ರಸಾದ ನಿಲಯವೊಂದರಲ್ಲಿ ಇದ್ದುಕೊಂಡು. ಸುಮಾರು ಐವತ್ತು ಹುಡುಗರಿಗೆ ಬರುತ್ತಿದ್ದದ್ದು ಒಂದೇ ದಿನಪತ್ರಿಕೆ. ಮೊದಲು ದೊಡ್ಡ ಹುಡುಗರು ಕಿತ್ತುಕೊಳ್ಳುತ್ತಿದ್ದರು. ನಮ್ಮ ಕೈಗೆ ಬರುವಾಗ ರಾತ್ರಿಯಾಗಿ, ಹಾಳೆ ಹರಿದಿರುತ್ತಿತ್ತು. ಅದನ್ನು ಕಂಡ ನಿಲಯದ ಹಿರಿಯರು ಪತ್ರಿಕೆಯನ್ನು ನಿಲ್ಲಿಸಲಿಲ್ಲ. ಪ್ರಸಾದಕ್ಕೆ ಮೊದಲು ಒಬ್ಬ ಹುಡುಗ ಮುಖ್ಯ ಸುದ್ದಿಗಳನ್ನು ಗಟ್ಟಿಯಾಗಿ ಓದುವುದು, ಆಮೇಲೆ ಹಾಳೆಗಳನ್ನು ಬಿಡಿಸಿ ಸರದಿಯ ಮೇಲೆ ಕೊಡುವುದು, ಆ ಸರದಿ ದಿನ ಬಿಟ್ಟು ದಿನ ಕಿರಿಯರಿಂದ ಆರಂಭವಾಗುವುದು ಎಂದು ಗೊತ್ತುಮಾಡಿದರು. ಪತ್ರಿಕೆ ಇದ್ದದ್ದು ಒಂದೇ, ಓದುವವರೂ ಅಷ್ಟೇ, ಜಗಳ ನಿಂತುಹೋಯಿತು.

ಮಲೆನಾಡಿನ ರೈತರಿಗೆ ಈ ಜ್ಞಾನ ಹೊಸದಲ್ಲ. ಬೇಸಗೆಯಲ್ಲಿ ಒಂದೇ ಹಳ್ಳದ ನೀರನ್ನು ಮೇಲಿನ ತೋಟ, ಕೆಳಗಿನ ತೋಟದವರು ಸರದಿಯ ಮೇಲೆ ತಿರುಗಿಸಿಕೊಳ್ಳುತ್ತಾರೆ. ಮೇಲಿನವನು ತನ್ನ ತೋಟಕ್ಕೆ ತುಂಬಿದ ಮೇಲೆ ಉಳಿದದ್ದು ಕೆಳಗಿನವನಿಗೆ ಎಂದರೆ ಊರಿನಲ್ಲಿ ಬಾಳುವೆ ನಡೆಯದು. ದಾಸೋಹದ ಪಂಕ್ತಿಯಲ್ಲಿಯೂ ಅಷ್ಟೇ. ಕೊನೆಯ ಸಾಲಿನ ಮಗುವಿನ ಎಲೆಗೆ ಪ್ರಸಾದ ಬಿದ್ದಿತೇ ಎಂದು ನೋಡುವುದು ಬಡಿಸುವವನ ಕಾಯಕ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಉಣ್ಣುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಅನ್ನಕ್ಕೂ ನೀರಿಗೂ ನಾವು ಕಂಡುಕೊಂಡ ಈ ಕ್ರಮವನ್ನು ನೆಟ್ಟಿಗೆ ಮಾತ್ರ ಏಕೆ ಅನ್ವಯಿಸಲಿಲ್ಲ?

ನಮ್ಮ ಮನೆಯಲ್ಲಿ ಮಾಡಿದ್ದು

ಹುಡುಗಿಯ ಕೈ ಪಟ್ಟಿಯಲ್ಲಿದ್ದಾಗಲೇ ಒಂದು ಭಾನುವಾರ ಆರು ಮಂದಿಯೂ ಜಗಲಿಯಲ್ಲಿ ಕುಳಿತೆವು. ಯಾರಿಗೆ ಏನು, ಯಾವಾಗ, ಎಷ್ಟು ಹೊತ್ತು ಬೇಕು ಎಂದು ಒಬ್ಬೊಬ್ಬರೂ ಹೇಳಿದ್ದನ್ನು ಹಾಳೆಯಲ್ಲಿ ಬರೆದೆವು. ಆಗ ಹೊರಬಿದ್ದ ಒಂದು ಸಂಗತಿ ನನ್ನನ್ನು ನಾಚಿಸಿತು. ಮನೆಯಲ್ಲಿ ಅತಿ ಹೆಚ್ಚು ನೆಟ್ ನುಂಗುತ್ತಿದ್ದವನು ನಾನೇ! ಹಾಲ್‌ನಲ್ಲಿರುವ ಟಿ.ವಿ. ನೆಟ್ಟಿನಿಂದಲೇ ನಡೆಯುವಂಥದ್ದು. ಸಂಜೆ ಆರರಿಂದ ಒಂಬತ್ತರವರೆಗೆ ಪ್ರವಚನ, ಸಂಗೀತ, ಸುದ್ದಿ ಎಂದು ಅದು ತನ್ನಷ್ಟಕ್ಕೆ ಓಡುತ್ತಿತ್ತು. ನಾವು ನೋಡುತ್ತಿದ್ದದ್ದು ಅರ್ಧ, ನೋಡದೆ ಬಿಟ್ಟದ್ದು ಅರ್ಧ. ಇದರ ಮೇಲೆ ನನ್ನ ಮೊಬೈಲಿಗೆ ದಿನವೂ ಬಂದು ಬೀಳುವ ಶುಭೋದಯದ ವಿಡಿಯೊಗಳು!

ಇಲ್ಲಿ ಸ್ವಲ್ಪ ಲೆಕ್ಕ ತಿಳಿದಿರುವುದು ಒಳ್ಳೆಯದು. ಉತ್ತಮ ಗುಣಮಟ್ಟದ ಎಚ್‌.ಡಿ. ವಿಡಿಯೊಗೆ ಸುಮಾರು 5 ಎಂಬಿಪಿಎಸ್ ವೇಗ ಬೇಕು. ಗಂಟೆಗೆ 2 ಜಿ.ಬಿ.ಗೂ ಮಿಗಿಲಾಗಿ ಡೇಟಾ ಖರ್ಚಾಗುತ್ತದೆ. ಅದೇ ವಿಡಿಯೊವನ್ನು 480 ಎಂಬ ಸಾಧಾರಣ ಮಟ್ಟಕ್ಕೆ ಇಳಿಸಿದರೆ ಒಂದೂವರೆ ಎಂಬಿಪಿಎಸ್ ಒಳಗೆ ಸಾಗುತ್ತದೆ. ಗಂಟೆಗೆ ಅರ್ಧ ಜಿ.ಬಿ. ಆಸುಪಾಸು. ಬರೀ ಧ್ವನಿಯಾದರೆ ಗಂಟೆಗೆ 60 ಎಂ.ಬಿ. ಸಾಕು. ಮಳೆಗಾಲದಲ್ಲಿ ನಮಗೆ ಸಿಗುವ ಒಟ್ಟು ವೇಗವೇ ನಾಲ್ಕೈದು ಎಂಬಿಪಿಎಸ್ ಎಂದಮೇಲೆ ನನ್ನ ಟಿ.ವಿ. ಒಂದೇ ಮನೆಯವರ ಪಾಲನ್ನೆಲ್ಲ ಕುಡಿದುಬಿಡುತ್ತಿತ್ತು. ಹುಡುಗಿಯರು ಪರಸ್ಪರ ಒಬ್ಬರನ್ನೊಬ್ಬರು ಶಂಕಿಸುತ್ತಿದ್ದರು, ಯಜಮಾನನ ಟಿ.ವಿ.ಯನ್ನು ಶಂಕಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಅಂದು ನಾವು ಒಪ್ಪಿಕೊಂಡ ಕ್ರಮ ಹೀಗಿದೆ. ಇದನ್ನು ಯಾವ ಮನೆಯಾದರೂ ತನಗೆ ತಕ್ಕಂತೆ ತಿದ್ದಿಕೊಳ್ಳಬಹುದು.

ಮೊದಲನೆಯದು, ಓದು, ಉದ್ಯೋಗ, ವೈದ್ಯಕೀಯ ಅಗತ್ಯ, ಅರ್ಜಿ ಇವು ಮುಂದೆ, ಮನರಂಜನೆ ಹಿಂದೆ. ಸಂಜೆ ಆರರಿಂದ ಒಂಬತ್ತೂವರೆಯವರೆಗೆ ಟಿ.ವಿ. ನೆಟ್ಟಿನಿಂದ ನಡೆಯುವುದಿಲ್ಲ. ನನ್ನ ಪ್ರವಚನಗಳು ಮಧ್ಯಾಹ್ನಕ್ಕೆ ಸರಿದವು.

ಎರಡನೆಯದು, ಸರದಿಯ ಹಾಳೆಯನ್ನು ಗೋಡೆಗೆ ಅಂಟಿಸಲಾಯಿತು. ವಾರಕ್ಕೊಮ್ಮೆ ಸರದಿ ತಿರುಗುತ್ತದೆ. ಕಿರಿಯಳು ಎಂಬ ಕಾರಣಕ್ಕೆ ಯಾರೂ ಸದಾ ಕೊನೆಯವರಾಗುವುದಿಲ್ಲ. ಯಾರಿಗಾದರೂ ಕೊನೆಯ ದಿನಾಂಕವಿದ್ದರೆ ಅಂದು ಅವರಿಗೇ ಮೊದಲ ಪಾಲು.

ಮೂರನೆಯದು, ದೊಡ್ಡ ಡೌನ್‌ಲೋಡ್‌ಗಳೆಲ್ಲ ಬೆಳಗಿನ ಐದರಿಂದ ಆರೂವರೆಯೊಳಗೆ. ಆ ಹೊತ್ತಿನಲ್ಲಿ ಬಳಸುವವರು ಕಡಿಮೆಯಾದ್ದರಿಂದ ನಮ್ಮಲ್ಲಿ ವೇಗ ಚೆನ್ನಾಗಿರುತ್ತದೆ. ಪಾಠಗಳನ್ನು ಇಳಿಸಿಟ್ಟುಕೊಂಡರೆ ಸಂಜೆ ನೆಟ್ ಇಲ್ಲದೆಯೂ ಓದಬಹುದು. ಒಂದೇ ಪಾಠ ಇಬ್ಬರಿಗೆ ಬೇಕಾದರೆ ಒಬ್ಬರು ಇಳಿಸಿ ಇನ್ನೊಬ್ಬರಿಗೆ ದಾಟಿಸುತ್ತಾರೆ.

ನಾಲ್ಕನೆಯದು, ಎಲ್ಲರ ಮೊಬೈಲಿನಲ್ಲೂ ವಾಟ್ಸ್‌ಆ್ಯಪ್ ವಿಡಿಯೊಗಳು ತಾವಾಗಿ ಇಳಿಯುವುದನ್ನು, ಫೋಟೊಗಳು ತಾವಾಗಿ ಮೇಲೇರುವುದನ್ನು, ಆ್ಯಪ್‌ಗಳು ತಾವಾಗಿ ಹೊಸದಾಗುವುದನ್ನು ನಿಲ್ಲಿಸಿದೆವು. ಇವು ಕಾಣದ ಸೋರಿಕೆಗಳು.

ಐದನೆಯದು, ವೈಫೈ ಪೆಟ್ಟಿಗೆ ಮೆಟ್ಟಿಲ ಕೆಳಗಿನ ಮೂಲೆಯಿಂದ ಮನೆಯ ನಡುವಿಗೆ, ಎತ್ತರಕ್ಕೆ ಬಂತು. ಮಲೆನಾಡಿನ ಹಳೆಯ ಮನೆಗಳ ದಪ್ಪ ಗೋಡೆ ಇದಕ್ಕೆ ದೊಡ್ಡ ಅಡ್ಡಿ. ಪೆಟ್ಟಿಗೆಯಿಂದ ಎರಡು ಬಗೆಯ ತರಂಗಗಳು ಬರುವುದಾದರೆ, 5 ಗಿಗಾಹರ್ಟ್ಸ್‌ನದು ವೇಗವುಳ್ಳದ್ದು, ಆದರೆ ಗೋಡೆ ದಾಟಲಾರದು, 2.4ರದು ವೇಗ ಕಡಿಮೆ, ಆದರೆ ದೂರಕ್ಕೆ ತಲುಪುತ್ತದೆ. ಮಾಳಿಗೆಯವರಿಗೆ ಎರಡನೆಯದೇ ಸರಿ. ಕರೆಂಟು ಹೋದಾಗ ಪೆಟ್ಟಿಗೆ ಆರದಂತೆ ಸಣ್ಣ ಯು.ಪಿ.ಎಸ್. ಒಂದನ್ನು ಎಲ್ಲರೂ ಸೇರಿ ಕೊಂಡೆವು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಮಾತ್ರ ಪ್ಲಗ್ ಕಿತ್ತಿಡಬೇಕು, ಇದನ್ನು ಮರೆಯಬಾರದು.

ಆರನೆಯದು, ರಾತ್ರಿ ಹತ್ತೂವರೆಯ ನಂತರ ಯಾರಿಗೂ ಸರದಿಯಿಲ್ಲ. ಇದು ನನ್ನ ಹಳೆಯ ನಿಯಮದಂತೆಯೇ ಕಾಣಬಹುದು. ಆದರೆ ಈಗ ಪ್ರತಿಯೊಬ್ಬರಿಗೂ ಹಗಲಿನಲ್ಲೇ ಪಾಲು ಸಿಕ್ಕ ಮೇಲೆ ರಾತ್ರಿಯನ್ನು ನಿದ್ರೆಗೆ ಬಿಡುತ್ತಿದ್ದೇವೆ. ಹಗಲಿನ ಪಾಲು ಕೊಡದೆ ರಾತ್ರಿಯನ್ನು ಕಸಿದರೆ ಅದು ಆರೋಗ್ಯವಾಗದು. ಇನ್ನು ಗುಂಡಿ ನನ್ನ ಕೈಯಲ್ಲಿಲ್ಲ. ತುರ್ತು ಬಂದರೆ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅಂಥ ರಾತ್ರಿಗಳು ತಿಂಗಳಿಗೆ ಒಂದೆರಡಕ್ಕಿಂತ ಹೆಚ್ಚು ಬಂದಿಲ್ಲ.

ಇದರಿಂದ ನೆಟ್ಟಿನ ವೇಗವೇನೂ ಹೆಚ್ಚಲಿಲ್ಲ. ಆದರೆ ಆ ಕಿರಿಯಳು ಈಗ ಹತ್ತೂವರೆಗೆ ಮಲಗುತ್ತಾಳೆ, ಬೆಳಗ್ಗೆ ಎಲ್ಲರ ಜೊತೆ ಕುಳಿತು ತಿಂಡಿ ತಿನ್ನುತ್ತಾಳೆ. ಅವಳ ತಲೆಭಾರಕ್ಕೆ ನಾನು ಹಿಂದೆ ಕೊಟ್ಟಿದ್ದ ಲೇಹ್ಯದ ಡಬ್ಬಿ ಅರ್ಧ ಹಾಗೆಯೇ ಉಳಿದಿದೆ.

ದೇಹಕ್ಕೆ ಕೆಲವು ಸೂಚನೆಗಳು

ಪರದೆಯ ಮುಂದೆ ಕೂರಲೇಬೇಕಾದವರು ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕು. ನಮ್ಮ ಮಲೆನಾಡಿನಲ್ಲಿ ಕಿಟಕಿಯಾಚೆ ಹಸಿರಿಗೇನೂ ಕೊರತೆಯಿಲ್ಲ. ಪುಟ ತೆರೆಯಲು ಕಾಯುವ ಹೊತ್ತನ್ನೇ ಇದಕ್ಕೆ ಬಳಸಿರಿ. ತಿರುಗುವ ಚಕ್ರವನ್ನು ದಿಟ್ಟಿಸುವುದರಿಂದ ಅದು ಬೇಗ ನಿಲ್ಲುವುದಿಲ್ಲ. ಬೇಕೆಂದೇ ರೆಪ್ಪೆ ಬಡಿಯಿರಿ. ದೀಪ ಆರಿಸಿದ ಕೋಣೆಯಲ್ಲಿ, ಹೊದಿಕೆಯೊಳಗೆ ಮೊಬೈಲ್ ನೋಡುವುದು ಬೇಡ. ಜೊತೆಗಿರುವವರಿಗೆ ಎಚ್ಚರವಾದೀತೆಂಬ ಸಂಕೋಚದಿಂದಲೇ ಹಲವರು ಹೀಗೆ ಮಾಡುತ್ತಾರೆ. ಹಂಚಿಕೊಂಡ ಕೋಣೆಯಲ್ಲಿ ಓದಲೆಂದು ಒಂದು ಮೂಲೆ, ಒಂದು ಸಣ್ಣ ದೀಪ ಗೊತ್ತುಮಾಡಿಕೊಳ್ಳುವುದು ಮೇಲು.

ಮಲಗುವ ಮುನ್ನ ಅಂಗಾಲಿಗೆ ಬೆಚ್ಚಗಿನ ಎಳ್ಳೆಣ್ಣೆ ಸವರುವುದು ನಿದ್ರೆಗೂ ಕಣ್ಣಿಗೂ ಹಿತವೆಂದು ಆಯುರ್ವೇದ ಹೇಳುತ್ತದೆ. ಅನಿವಾರ್ಯವಾಗಿ ಒಂದು ರಾತ್ರಿ ನಿದ್ರೆಗೆಟ್ಟರೆ, ಮರುದಿನ ಬೆಳಗ್ಗೆ ಊಟಕ್ಕೆ ಮೊದಲು, ಎಚ್ಚರವಿದ್ದ ಹೊತ್ತಿನ ಅರ್ಧದಷ್ಟು ಮಲಗಬಹುದೆಂದು ವಾಗ್ಭಟಾಚಾರ್ಯರು ಅನುಮತಿ ಕೊಟ್ಟಿದ್ದಾರೆ. ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಮಲಗಿ ಆ ಸಾಲ ತೀರಿಸುವುದು ಸರಿಯಲ್ಲ. ಅದರಿಂದ ಕಫ ಹೆಚ್ಚಿ ಮೈ ಜಡವಾಗುತ್ತದೆ. ಕಣ್ಣುರಿಯೆಂದು ಮನೆಯಲ್ಲೇ ತಯಾರಿಸಿದ ಕಷಾಯಗಳನ್ನು ಕಣ್ಣಿಗೆ ಬಿಟ್ಟುಕೊಳ್ಳಬೇಡಿರಿ. ಶುಚಿಯಿಲ್ಲದಿದ್ದರೆ ಸೋಂಕು ತಗುಲೀತು. ದೃಷ್ಟಿ ಮಂಜಾದರೆ, ತಲೆನೋವು ವಾರ ಕಳೆದರೂ ಬಿಡದಿದ್ದರೆ, ನೆಟ್ಟಿನ ಮೇಲೆ ತಪ್ಪು ಹೊರಿಸದೆ ವೈದ್ಯರನ್ನು ಕಾಣಿರಿ.

ಮನೆಯೊಳಗಿನ ಸರದಿಯಿಂದ ಎಲ್ಲವೂ ಸರಿಹೋಗದು ಎಂಬುದನ್ನು ಮರೆತಿಲ್ಲ. ಗ್ರಾಮ ಪಂಚಾಯಿತಿಗಳಿಗೆ ಕೇಬಲ್ ಎಳೆಯುವ ಕೇಂದ್ರ ಸರ್ಕಾರದ ಯೋಜನೆ ಆರಂಭವಾದದ್ದು 2011ರಲ್ಲಿ. ಅದಕ್ಕೀಗ ಭಾರತ್‌ನೆಟ್ ಎಂದು ಹೆಸರು. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಸೇವೆ ತಲುಪಿಸಲು 2022ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇವು ಬೆಟ್ಟದಾಚೆಯ ಕೊನೆಯ ಮನೆಗೂ ಮುಟ್ಟಲಿ ಎಂದು ಕೇಳುತ್ತಲೇ ಇರಬೇಕು. ಕೊರತೆಯನ್ನು ತಪಸ್ಸೆಂದು ಹೊಗಳಿ ಸುಮ್ಮನಾದರೆ ಕೇಳುವ ಬಾಯಿಯೂ ಮುಚ್ಚಿಹೋಗುತ್ತದೆ.

ಅಲ್ಲಿಯವರೆಗೆ ಇದ್ದಷ್ಟನ್ನು ಹಂಚಿಕೊಳ್ಳುವ ಹೊಣೆ ನಮ್ಮದು. ಈ ಬರಹ ಓದಿದ ಮನೆಯ ಯಜಮಾನರಲ್ಲಿ, ನಿಲಯಗಳ ಮೇಲ್ವಿಚಾರಕರಲ್ಲಿ ನನ್ನದೊಂದೇ ವಿನಂತಿ. ಗುಂಡಿ ಆರಿಸುವ ಮೊದಲು ಮಕ್ಕಳನ್ನು ಕೂರಿಸಿಕೊಂಡು ಕೇಳಿರಿ. ಅವರಲ್ಲಿ ಅತಿ ಕಿರಿಯರನ್ನು, ಅತಿ ಕಡಿಮೆ ಮಾತನಾಡುವವರನ್ನು ಮೊದಲು ಕೇಳಿರಿ. ನಮ್ಮ ಹಿತ್ತಲಿನ ದಿಬ್ಬದ ಮೆಟ್ಟಿಲುಗಳ ಪಾಚಿಯನ್ನು ನಾನೀಗ ಕೆರೆಸಿದ್ದೇನೆ. ಆದರೂ ಈ ಮಳೆಗಾಲದಲ್ಲಿ ರಾತ್ರಿ ಹೊತ್ತು ಅಲ್ಲಿಗೆ ಯಾರೂ ಹತ್ತಬೇಕಾಗಿ ಬಂದಿಲ್ಲ.